ಬೆಂಗಳೂರಿನಲ್ಲಿ ದೊಡ್ಡ ಸಿನಿಮಾ ಎಲ್ಲಿ ನೋಡಬೇಕು, ಯಾವ ಸಾಲಿನಲ್ಲಿ ಕೂರಬೇಕು?

ರಾಜಾಜಿನಗರ ಪ್ರೇಕ್ಷಕಿ (ಪ್ರಶ್ನೆ)

ನಮಸ್ಕಾರ. ದೊಡ್ಡ ಸಿನಿಮಾ ಬಿಡುಗಡೆಯಾದಾಗ ಬೆಂಗಳೂರಿನ ಮಾಲ್‌ಗಳಲ್ಲಿ ಒಂದು ಟಿಕೆಟ್‌ಗೆ ಮುನ್ನೂರರಿಂದ ಆರುನೂರು ರೂಪಾಯಿ ಸಲೀಸಾಗಿ ಹೋಗುತ್ತೆ. ಕೊಡೋದಕ್ಕೆ ಬೇಜಾರಿಲ್ಲ. ಕೊಟ್ಟ ಮೇಲೂ ಚಿತ್ರ ಮಬ್ಬಾಗಿ, ಮಾತು ಗೊಜಗೊಜ ಅಂತ ಕೇಳಿಸಿದರೆ ಬೇಜಾರು. ಒಂದೇ ಮಾಲ್‌ನ ಒಂದು ಸ್ಕ್ರೀನ್ ಫಳಫಳ ಅಂತಿರುತ್ತೆ, ಪಕ್ಕದ್ದರಲ್ಲಿ ರಾತ್ರಿ ದೃಶ್ಯ ಬಂದರೆ ಏನೂ ಕಾಣಲ್ಲ. ಇದು ಯಾಕೆ ಹೀಗೆ?

ಐಮ್ಯಾಕ್ಸ್ ಅನ್ನೋ ದೊಡ್ಡ ಪರದೆಗೆ ಹೆಚ್ಚು ದುಡ್ಡು ಕೊಡೋದು ಯಾವಾಗ ಸಾರ್ಥಕ, ಆ್ಯಪ್‌ನಲ್ಲಿ ಸೀಟು ಆರಿಸುವಾಗ ಯಾವ ಸಾಲು ಹಿಡಿಯಬೇಕು, ಕೆ.ಜಿ. ರಸ್ತೆಯ ಥಿಯೇಟರ್‌ಗಳು ಇವತ್ತಿಗೂ ಮಲ್ಟಿಪ್ಲೆಕ್ಸ್‌ಗೆ ಸಮನಾಗಿ ನಿಲ್ಲುತ್ತವಾ, ಇದನ್ನೆಲ್ಲ ತಿಳಿದವರು ವಿವರವಾಗಿ ಹೇಳಿ. ಅಮ್ಮನನ್ನೂ ಕರೆದುಕೊಂಡು ಹೋಗಬೇಕು, ಅವರಿಗೆ ಮಂಡಿನೋವು, ಮೆಟ್ಟಿಲು ಕಷ್ಟ.

ಕ್ಯಾಬಿನ್ ಕಿಟಕಿ

ಮೇಡಂ, ಥಿಯೇಟರ್ ಹೆಸರು ನೋಡಿ ಬುಕ್ ಮಾಡುವುದನ್ನು ಬಿಟ್ಟು ಸ್ಕ್ರೀನ್ ನಂಬರ್ ನೋಡಿ ಬುಕ್ ಮಾಡುವ ಅಭ್ಯಾಸ ಮಾಡಿಕೊಳ್ಳಿ. ಒಂದು ಮಾಲ್‌ನಲ್ಲಿ 11 ಸ್ಕ್ರೀನ್ ಇದ್ದರೆ ಅಲ್ಲಿ 11 ಬೇರೆ ಬೇರೆ ಪ್ರೊಜೆಕ್ಟರ್, 11 ಬೇರೆ ಬೇರೆ ಪರದೆ ಇರುತ್ತವೆ. ಒಂದಕ್ಕೆ ಹೋದ ತಿಂಗಳು ಹೊಸ ಲ್ಯಾಂಪ್ ಹಾಕಿರುತ್ತಾರೆ, ಇನ್ನೊಂದರ ಲ್ಯಾಂಪ್ ಆಯಸ್ಸು ಮುಗಿದರೂ ಓಡುತ್ತಿರುತ್ತದೆ. ಕೆಲವು ಆ್ಯಪ್‌ಗಳಲ್ಲಿ ಸ್ಕ್ರೀನ್ ನಂಬರ್ ಟಿಕೆಟ್ ಬಂದ ಮೇಲಷ್ಟೇ ಕಾಣುತ್ತದೆ. ಅದಕ್ಕೆ ದಾರಿ ಇದೆ. ಪ್ರತಿ ಸ್ಕ್ರೀನಿನ ಸೀಟಿನ ನಕ್ಷೆ ಬೇರೆ: ಎಷ್ಟು ಸಾಲು, ನಡುವಿನ ಓಣಿ ಎಲ್ಲಿದೆ, ಕೊನೆಯ ಸಾಲಿನಲ್ಲಿ ಎಷ್ಟು ಸೀಟು. ಚೆನ್ನಾಗಿ ಕಂಡ ಸ್ಕ್ರೀನಿನ ನಕ್ಷೆಯ ಸ್ಕ್ರೀನ್‌ಶಾಟ್ ಫೋನಿನಲ್ಲಿ ಇಟ್ಟುಕೊಂಡರೆ ಮುಂದಿನ ಸಲ ದುಡ್ಡು ಕಟ್ಟುವ ಮೊದಲೇ ಗುರುತು ಹಿಡಿಯಬಹುದು.

ಈಗ ಮಬ್ಬಿನ ವಿಷಯ. 2ಡಿ ಸಿನಿಮಾಕ್ಕೆ ಪರದೆಯ ಮಧ್ಯದಲ್ಲಿ 14 ಫುಟ್‌ಲ್ಯಾಂಬರ್ಟ್, ಅಂದರೆ 48 ನಿಟ್ಸ್ ಬೆಳಕು ಇರಬೇಕು ಎಂಬುದು ಎಲ್ಲ ಕಡೆ ಒಪ್ಪಿದ ಅಳತೆ. ಸಿನಿಮಾದ ಬಣ್ಣ ತಿದ್ದುವವರು ಸ್ಟುಡಿಯೋದಲ್ಲಿ ಕೂತು ಕೆಲಸ ಮಾಡುವುದೂ ಇದೇ ಬೆಳಕಿನಲ್ಲಿ. ಅದು ಅರ್ಧಕ್ಕೆ ಇಳಿದರೆ ಹಗಲಿನ ದೃಶ್ಯ ಹೇಗೋ ನಡೆಯುತ್ತದೆ, ರಾತ್ರಿ ದೃಶ್ಯದಲ್ಲಿ ಕಪ್ಪು ಕೋಟು, ಕಪ್ಪು ಕೂದಲು, ಕಪ್ಪು ಗೋಡೆ ಎಲ್ಲ ಒಂದಾಗುತ್ತವೆ. ನೀವು ಹೇಳಿದ್ದು ಅದನ್ನೇ.

ಬೆಳಕು ಇಳಿಯಲು ಕಾರಣ ಹಲವು. ಕ್ಸೆನಾನ್ ಲ್ಯಾಂಪ್ ಹಳೆಯದಾಗುತ್ತ ಹೋದಂತೆ ಮಂಕಾಗುತ್ತದೆ, ಒಮ್ಮೆಗೇ ಅಲ್ಲ, ವಾರವಾರಕ್ಕೆ ಸ್ವಲ್ಪ ಸ್ವಲ್ಪ. ಅದನ್ನು ಸರಿದೂಗಿಸಲು ಕರೆಂಟು ಏರಿಸುತ್ತಾ ಬರಬೇಕು. ಲ್ಯಾಂಪ್ ಬಾಳಿಕೆ ಬರಲಿ ಎಂದು ಕೆಲವರು ಕಡಿಮೆಯಲ್ಲೇ ಓಡಿಸುತ್ತಾರೆ. ಪ್ರೊಜೆಕ್ಟರ್ ಇರುವ ಕ್ಯಾಬಿನ್‌ನ ಗಾಜಿನ ಕಿಟಕಿಯ ಮೇಲೆ ದೂಳು, ಎಣ್ಣೆ ಕೂತರೂ ಚಿತ್ರ ಮಂಜಾಗುತ್ತದೆ, ಇದು ಒಂದು ಬಟ್ಟೆಯಿಂದ ಸರಿಹೋಗುವ ತೊಂದರೆ. ಮೂರನೆಯದು 3ಡಿಗಾಗಿ ಹಾಕಿದ ಬೆಳ್ಳಿ ಪರದೆ. ಅದರ ಮೇಲೆ 2ಡಿ ಸಿನಿಮಾ ಹಾಕಿದಾಗ ನಿಮ್ಮ ಎದುರಿನ ಭಾಗ ಮಾತ್ರ ಹೊಳೆಯುತ್ತದೆ, ಅಂಚುಗಳು ಕಪ್ಪಾಗುತ್ತವೆ. ಪಕ್ಕದ ಸೀಟಿನಲ್ಲಿ ಕೂತರಂತೂ ಪರದೆಯ ಆಚೆ ತುದಿ ಕತ್ತಲು. ಸಿನಿಮಾದಲ್ಲಿ ಬಿಳಿ ಆಕಾಶ ಬಂದಾಗ ತಲೆಯನ್ನು ಎಡಕ್ಕೆ ಬಲಕ್ಕೆ ಸರಿಸಿ ನೋಡಿ. ಹೊಳಪು ನಿಮ್ಮ ಜೊತೆಗೇ ಸರಿದರೆ ಅದು ಬೆಳ್ಳಿ ಪರದೆ. ಅಂಥ ಸ್ಕ್ರೀನಿನಲ್ಲಿ ನಡುಭಾಗ ಬಿಟ್ಟು ಬೇರೆಡೆ ಸೀಟು ತೆಗೆದುಕೊಳ್ಳಬೇಡಿ.

ನಾಲ್ಕನೆಯದು ತೀರಾ ಕೆಟ್ಟದ್ದು: ಹಿಂದಿನ ಶೋ 3ಡಿ ಆಗಿದ್ದು, ಅದರ ಫಿಲ್ಟರನ್ನು ಲೆನ್ಸ್ ಮುಂದಿನಿಂದ ತೆಗೆಯದೆ 2ಡಿ ಓಡಿಸುವುದು. ಅರ್ಧಕ್ಕಿಂತ ಹೆಚ್ಚು ಬೆಳಕು ಅಲ್ಲೇ ಹೋಗುತ್ತದೆ. ಎರಡು ಲೆನ್ಸಿನ 3ಡಿ ಜೋಡಣೆ ಇರುವ ಕಡೆ ಹಿಂದೆ ತಿರುಗಿ ಕ್ಯಾಬಿನ್ ಕಿಟಕಿ ನೋಡಿದರೆ ಒಂದರ ಮೇಲೊಂದು ಎರಡು ಬೆಳಕಿನ ಕಿರಣ ಕಾಣುತ್ತವೆ. 2ಡಿ ಸಿನಿಮಾಕ್ಕೆ ಎರಡು ಕಿರಣ ಕಂಡರೆ ಎದ್ದು ಹೋಗಿ ಹೇಳಿ.

ಮಲ್ಟಿಪ್ಲೆಕ್ಸ್‌ನಲ್ಲಿ ಇದನ್ನೆಲ್ಲ ಯಾರೂ ಗಮನಿಸದಿರಲು ಕಾರಣವಿದೆ. ಪ್ರತಿ ಸ್ಕ್ರೀನಿಗೆ ಒಬ್ಬ ಆಪರೇಟರ್ ಕೂರುವ ಕಾಲ ಮುಗಿದಿದೆ. ಶೋ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಟ್ಟರೆ ದೀಪ ಆರುವುದು, ಜಾಹೀರಾತು, ಸಿನಿಮಾ, ಇಂಟರ್ವಲ್ ಎಲ್ಲ ತಾನಾಗಿ ನಡೆಯುತ್ತದೆ. ನೀವು ಹೇಳದೆ ಹೋದರೆ ಆ ದಿನದ ಕೊನೆಯ ಶೋವರೆಗೂ ಅದೇ ಚಿತ್ರ.

ಹೇಳುವಾಗಲೂ ‘ಪಿಕ್ಚರ್ ಸರಿಯಿಲ್ಲ’ ಎಂದರೆ ಕೆಲಸ ಆಗುವುದಿಲ್ಲ. ಬಾಗಿಲಲ್ಲಿ ನಿಂತ ಹುಡುಗನಿಗಲ್ಲದೆ ಡ್ಯೂಟಿ ಮ್ಯಾನೇಜರ್‌ಗೆ ಹೇಳಿ, ಮೊದಲ ಹತ್ತು ನಿಮಿಷದೊಳಗೆ ಹೇಳಿ, ಸ್ಕ್ರೀನ್ ನಂಬರ್ ಸಹಿತ ಹೇಳಿ: ‘4ನೇ ಸ್ಕ್ರೀನು, 2ಡಿ ಸಿನಿಮಾ, 3ಡಿ ಫಿಲ್ಟರ್ ತೆಗೆದಿಲ್ಲ’, ‘ಫೋಕಸ್ ಎಡಗಡೆ ಹೋಗಿದೆ, ಟೈಟಲ್ ಅಕ್ಷರದ ಅಂಚಿನಲ್ಲಿ ಕೆಂಪು ಬಣ್ಣ ಕಾಣುತ್ತಿದೆ’, ‘ಬಾಗಿಲ ಪಕ್ಕದ ಗೋಡೆಯ ದೀಪ ಆರಿಲ್ಲ’. ಹೀಗೆ ಹೇಳಿದರೆ ತಂತ್ರಜ್ಞನಿಗೆ ಏನು ಮಾಡಬೇಕೆಂದು ತಕ್ಷಣ ಗೊತ್ತಾಗುತ್ತದೆ. ಲ್ಯಾಂಪ್ ಹಳೆಯದಾಗಿದ್ದರೆ ಆ ಶೋದಲ್ಲಿ ಏನೂ ಆಗುವುದಿಲ್ಲ. ಆಗ ಬೇರೆ ಸ್ಕ್ರೀನಿನ ಶೋಗೆ ಬದಲಾಯಿಸಿಕೊಡಿ ಎಂದು ಕೇಳುವುದೇ ಸರಿ.

ಲೇಸರ್ ಪ್ರೊಜೆಕ್ಟರ್ ಇರುವ ಸ್ಕ್ರೀನುಗಳಲ್ಲಿ ಈ ಲ್ಯಾಂಪಿನ ರಗಳೆ ಬಹಳ ಕಡಿಮೆ. ಲೇಸರ್ ಮೂಲ ಇಪ್ಪತ್ತು ಸಾವಿರ ಗಂಟೆಯ ಮೇಲೆ ಬಾಳುತ್ತದೆ, ಬೆಳಕು ಇಳಿಯುವುದೂ ನಿಧಾನ. ಟಿಕೆಟ್ ಬೆಲೆ ಒಂದೇ ಇದ್ದರೆ ಕಣ್ಣು ಮುಚ್ಚಿ ಲೇಸರ್ ಸ್ಕ್ರೀನ್ ಆರಿಸಿ.

ಸಬ್‌ವೂಫರ್

ಚಿತ್ರದ ಬಗ್ಗೆ ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಸೌಂಡ್ ಬಗ್ಗೆ ಹೇಳ್ತೀನಿ.

ಮಾತು ಗೊಜಗೊಜ ಅನ್ನೋ ದೂರಿಗೆ ಅರ್ಧ ಕಾರಣ ವಾಲ್ಯೂಮ್. ಥಿಯೇಟರ್‌ನ ಸೌಂಡ್ ಪ್ರೊಸೆಸರ್‌ನಲ್ಲಿ 7 ಅನ್ನೋ ಅಂಕಿಗೆ ಇಟ್ಟರೆ ಅದು ಮಿಕ್ಸಿಂಗ್ ಸ್ಟುಡಿಯೋದ ಮಟ್ಟ. ಪರದೆ ಹಿಂದಿನ ಒಂದೊಂದು ಚಾನೆಲ್ಲೂ ಪರೀಕ್ಷೆಯ ಸದ್ದಿಗೆ 85 ಡೆಸಿಬಲ್ ಕೊಡೋ ಹಾಗೆ ಹೊಂದಿಸಿರ್ತಾರೆ. ಜಾಹೀರಾತು, ಟ್ರೈಲರ್ ತುಂಬಾ ಜೋರು ಅಂತ ಯಾರಾದರೂ ದೂರಿದರೆ ಸಿಬ್ಬಂದಿ ಅದನ್ನ 5ಕ್ಕೋ ನಾಲ್ಕೂವರೆಗೋ ಇಳಿಸಿಬಿಡ್ತಾರೆ. ಆಮೇಲೆ ಸಿನಿಮಾ ಶುರುವಾದಾಗ ವಾಪಸ್ ಏರಿಸಲ್ಲ. ಆ ಭಾಗದಲ್ಲಿ ಒಂದು ಅಂಕಿ ಅಂದ್ರೆ ಸುಮಾರು 3.3 ಡೆಸಿಬಲ್. 7ರಿಂದ 5ಕ್ಕೆ ಇಳಿಸಿದರೆ ಹತ್ತಿರಹತ್ತಿರ 7 ಡೆಸಿಬಲ್ ಖೋತಾ. ಫೈಟಿಂಗ್ ಆಗ್ಲೂ ಚೆನ್ನಾಗೇ ಕೇಳುತ್ತೆ, ಪಿಸುಮಾತು ಮಾತ್ರ ಎ.ಸಿ. ಸದ್ದಿನಲ್ಲಿ ಮುಳುಗಿಹೋಗುತ್ತೆ. ಹಾಗಾಗಿ ದೂರು ಹೇಳುವಾಗ ‘ಸೌಂಡ್ ಕಮ್ಮಿ ಇದೆ, ಟ್ರೈಲರ್‌ಗೆ ಇಳಿಸಿದ್ದನ್ನ ಏರಿಸಿಲ್ಲ ಅನ್ಸುತ್ತೆ’ ಅನ್ನಿ. ಎರಡು ನಿಮಿಷದ ಕೆಲಸ.

ವಾಲ್ಯೂಮ್ ಸರಿ ಇದ್ದೂ ಮಾತು ಕಂಬಳಿಯೊಳಗಿಂದ ಬಂದಂಗಿದ್ರೆ ತೊಂದರೆ ಸೆಂಟರ್ ಸ್ಪೀಕರ್‌ನದ್ದು. ಮಾತೆಲ್ಲ ಬರೋದು ಪರದೆಯ ನಟ್ಟನಡುವೆ, ಅದರ ಹಿಂದೆ ಇರೋ ಒಂದೇ ಸ್ಪೀಕರ್‌ನಿಂದ. ಅದರ ಮೇಲುಸ್ವರದ ಡ್ರೈವರ್ ಸುಟ್ಟುಹೋದರೆ ಸ, ಶ, ತ ಅಕ್ಷರಗಳು ಮಾಯ. ಪರದೆಗೆ ಸಣ್ಣ ಸಣ್ಣ ತೂತು ಇರ್ತವೆ ಸೌಂಡ್ ಆಚೆ ಬರೋಕೆ, ವರ್ಷಾನುಗಟ್ಟಲೆ ದೂಳು ಕೂತು ಮುಚ್ಚಿಕೊಂಡ್ರೂ ಇದೇ ಕಥೆ. ಪರೀಕ್ಷೆ ಸುಲಭ: ಹಿನ್ನೆಲೆ ಸಂಗೀತ ಸ್ಪಷ್ಟ, ಮಾತು ಮಾತ್ರ ಮಂದ ಅಂದ್ರೆ ಸೆಂಟರ್ ಸ್ಪೀಕರ್. ಎರಡೂ ಮಂದ ಅಂದ್ರೆ ಇಡೀ ಹಾಲ್‌ನ ಹೊಂದಾಣಿಕೆ ಕೆಟ್ಟಿದೆ.

ಅಟ್ಮಾಸ್ (ತಲೆ ಮೇಲಿಂದಲೂ ಸದ್ದು ಬರೋ ಡಾಲ್ಬಿ ವ್ಯವಸ್ಥೆ) ಅಂತ ಬರೆದ ಮಾತ್ರಕ್ಕೆ ಎಲ್ಲ ಸೀಟಿನಲ್ಲೂ ಅಟ್ಮಾಸ್ ಸಿಗಲ್ಲ. ಅದರಲ್ಲಿ 128 ಟ್ರ್ಯಾಕ್‌ವರೆಗೂ ಸದ್ದು ಕೂಡಿಸಬಹುದು, 64 ಸ್ಪೀಕರ್‌ವರೆಗೂ ಬೇರೆ ಬೇರೆಯಾಗಿ ಕಳಿಸಬಹುದು, ಛಾವಣಿಯಲ್ಲಿ ಎರಡು ಸಾಲು ಸ್ಪೀಕರ್ ಇರುತ್ತೆ. ಬಾಲ್ಕನಿ ಇರೋ ಥಿಯೇಟರ್‌ನಲ್ಲಿ ಬಾಲ್ಕನಿ ಕೆಳಗಿನ ರಿಯರ್ ಸ್ಟಾಲ್‌ನಲ್ಲಿ ಕೂತರೆ ನಿಮ್ಮ ತಲೆ ಮೇಲೆ ಕಾಂಕ್ರೀಟ್. ಛಾವಣಿಯ ಸದ್ದು ಅಲ್ಲಿಗೆ ನೇರವಾಗಿ ಬರೋದೇ ಇಲ್ಲ. ಒಂದೋ ಬಾಲ್ಕನಿಯಲ್ಲಿ ಮುಂದಿನ ಸಾಲುಗಳು, ಇಲ್ಲವೋ ಕೆಳಗಡೆ ಬಾಲ್ಕನಿಯ ಅಂಚಿನಿಂದ ಆಚೆಗೆ ಇರೋ ಸಾಲುಗಳು. ಮಲ್ಟಿಪ್ಲೆಕ್ಸ್‌ನಲ್ಲಿ ಗೋಡೆ ಪಕ್ಕದ ಮೂರು ಸೀಟು ಬಿಟ್ಟುಬಿಡಿ, ಅಲ್ಲಿ ಹತ್ತಿರದ ಒಂದು ಸ್ಪೀಕರ್ ಬಿಟ್ಟು ಬೇರೆ ಏನೂ ಕೇಳಲ್ಲ. ಕಟ್ಟಕಡೆ ಸಾಲೂ ಬೇಡ, ಹಿಂದಿನ ಗೋಡೆಯ ಬೇಸ್ ಬೆನ್ನಿಗೇ ಹೊಡೆಯುತ್ತೆ. ರಿಕ್ಲೈನರ್‌ನಲ್ಲಿ ಪೂರ್ತಿ ಮಲಗಿದರೆ ಸೀಟಿನ ಎತ್ತರದ ಬೆನ್ನು ಎರಡೂ ಕಿವಿಗೆ ಅಡ್ಡ ಬರುತ್ತೆ, ಹಿಂದಿನ ಸದ್ದು ಹೋಯ್ತು. ಮುಕ್ಕಾಲು ಭಾಗ ನೆಟ್ಟಗೆ ಕೂತ್ಕೊಳ್ಳಿ.

ಗಾಂಧಿ ಕ್ಲಾಸ್

ಕೆ.ಜಿ. ರಸ್ತೆ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ಬರೀತಿದೀನಿ.

ಮೊದಲು ಉಳಿದಿರೋದೇನು ಅನ್ನೋದು ತಿಳ್ಕೊಳ್ಳಿ. ಎಂ.ಜಿ. ರಸ್ತೆಯ ಪ್ಲಾಜಾ, 1936ರದ್ದು, ಈಗ ಆ ಜಾಗದಲ್ಲಿ ಮೆಟ್ರೋ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕ್ತು. ಸಿನೆರಾಮಾ ಅನ್ನೋ ಅಗಲವಾದ ಬಾಗಿದ ಪರದೆ ಇದ್ದ ಕಪಾಲಿ ನೆಲಸಮ ಆಯ್ತು. 1974ರಲ್ಲಿ ಶುರುವಾದ ಕಾವೇರಿ ಐವತ್ತು ವರ್ಷ ನಡೆದು 2024ರಲ್ಲಿ ನಿಂತ್ಹೋಯ್ತು. ಸಾಗರ್, ಮೇನಕಾ, ತ್ರಿಭುವನ್, ಕೈಲಾಶ್ ಹೆಸರು ಹೇಳಿಕೊಂಡು ಬೆಳೆದ ಊರಿದು. ಈಗ ಕನ್ನಡ ಸಿನಿಮಾಕ್ಕೆ ಮೇನ್ ಥಿಯೇಟರ್ ಅಂತ ಹಾಕಬೇಕಾದ್ರೆ ಒಂದೇ ಆವರಣದ ಸಂತೋಷ್, ನರ್ತಕಿ, ಅನುಪಮಾ, ಹೀಗೆ ಬೆರಳೆಣಿಕೆ. ಆಚೆಗೆ ಮಾಗಡಿ ರಸ್ತೆಯ ವೀರೇಶ್, ಪ್ರಸನ್ನ, ನಿಮ್ಮ ರಾಜಾಜಿನಗರದ ನವರಂಗ್, ಲಾಲ್‌ಬಾಗ್ ಹತ್ತಿರದ ಊರ್ವಶಿ.

ಊರ್ವಶಿ ಈ ಊರಿನ ಅತ್ಯುತ್ತಮ ಸಿಂಗಲ್ ಸ್ಕ್ರೀನ್ ಅಂತ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. 2ಕೆಗಿಂತ ಸೂಕ್ಷ್ಮವಾಗಿ ಚಿತ್ರ ತೋರಿಸೋ 4ಕೆ ಪ್ರೊಜೆಕ್ಟರ್ ಇದೆ, ಅಟ್ಮಾಸ್ ಇದೆ, ಅದಕ್ಕಿಂತ ಮುಖ್ಯವಾಗಿ ಹಾಲ್‌ಗೆ ಗಾತ್ರ ಇದೆ. ಇನ್ನೂರು ಸೀಟಿನ ಮಲ್ಟಿಪ್ಲೆಕ್ಸ್ ಡಬ್ಬದಲ್ಲಿ ಎಷ್ಟೇ ಒಳ್ಳೆ ಸ್ಪೀಕರ್ ಹಾಕಿದ್ರೂ ಸದ್ದು ಬಿಚ್ಚಿಕೊಳ್ಳೋಕೆ ಜಾಗ ಸಾಲಲ್ಲ. ದೊಡ್ಡ ಹಾಲ್‌ನಲ್ಲಿ ಬೇಸ್ ಉರುಳಿಕೊಂಡು ಬರೋ ರೀತಿಯೇ ಬೇರೆ. ಸೀಟು ಬಾಲ್ಕನಿಯಲ್ಲೇ ತಗೊಳ್ಳಿ, ಸಬ್‌ವೂಫರ್ ಹೇಳಿದ್ದು ಅಲ್ಲಿಗೂ ಅನ್ವಯ.

ಆದ್ರೆ ಎಲ್ಲ ಸಿಂಗಲ್ ಸ್ಕ್ರೀನೂ ಒಂದೇ ಅಲ್ಲ. ಕೆಲವು ಕಡೆ ಇವತ್ತಿಗೂ ಇರೋದು ಪೂರ್ತಿ ಡಿಜಿಟಲ್ ಸಿನಿಮಾ ದರ್ಜೆಯ 2ಕೆ ಅಲ್ಲ, ಅದಕ್ಕಿಂತ ಕೆಳಗಿನ ಇ-ಸಿನಿಮಾ ಪ್ರೊಜೆಕ್ಟರ್. ಟೈಟಲ್ ಕಾರ್ಡ್ ನೋಡಿ ಗುರು, ಓರೆ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕಂಡ್ರೆ, ಕಪ್ಪು ಅನ್ನೋದು ಬೂದು ಬಣ್ಣ ಆಗಿದ್ರೆ ಅದೇ. ಅಂಥ ಕಡೆ ಜನರ ಜೊತೆ ಶಿಳ್ಳೆ ಹೊಡೆದು ನೋಡೋ ಸಿನಿಮಾಕ್ಕೆ ಹೋಗಿ, ಛಾಯಾಗ್ರಹಣಕ್ಕೋಸ್ಕರ ನೋಡೋ ಸಿನಿಮಾಕ್ಕೆ ಬೇಡ.

ಇನ್ನೊಂದು ವಿಚಾರ ತುಂಬಾ ಜನಕ್ಕೆ ಗೊತ್ತಿಲ್ಲ. ದೊಡ್ಡ ಹಾಲ್‌ಗೆ ಜನ ತುಂಬಿದ್ರೇನೇ ಸೌಂಡ್ ಚೆಂದ. ಮನುಷ್ಯರ ಮೈ, ಬಟ್ಟೆ ಸದ್ದನ್ನ ಹೀರುತ್ತೆ. ಮೂರನೇ ವಾರದ ಮ್ಯಾಟ್ನಿಯಲ್ಲಿ ಸಾವಿರ ಸೀಟಿಗೆ ಅರವತ್ತು ಜನ ಇದ್ರೆ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತೆ, ಒಂದು ಪದದ ಬಾಲ ಇನ್ನೊಂದು ಪದದ ಮೇಲೆ ಬೀಳುತ್ತೆ. ಆದ್ದರಿಂದ ಸಿಂಗಲ್ ಸ್ಕ್ರೀನ್ ಅಂದ್ರೆ ಮೊದಲ ವಾರ, ಸಂಜೆ ಶೋ. ಮೂರನೇ ವಾರಕ್ಕೆ ಮಲ್ಟಿಪ್ಲೆಕ್ಸ್‌ನ ಚಿಕ್ಕ ಹಾಲ್ ವಾಸಿ, ಇದನ್ನ ಒಪ್ಕೊಳ್ಳಲೇಬೇಕು.

ಬಿಡುಗಡೆ ದಿನ ಬೆಳಗಿನ ಜಾವದ ಶೋಗೆ ಹೋಗೋರಿಗೆ: ಸಿನಿಮಾ ಹಾರ್ಡ್‌ಡಿಸ್ಕ್‌ನಲ್ಲೋ ಸ್ಯಾಟಲೈಟ್‌ನಲ್ಲೋ ಬಂದು ಸರ್ವರ್‌ನಲ್ಲಿ ಕೂತಿದ್ರೂ ಕೆಡಿಎಂ ಅನ್ನೋ ಡಿಜಿಟಲ್ ಕೀಲಿ ಬರೋವರೆಗೂ ಅದು ತೆರೆಯಲ್ಲ. ಆ ಕೀಲಿ ಒಂದು ನಿರ್ದಿಷ್ಟ ಸರ್ವರ್‌ಗೆ, ಇಂಥ ಗಂಟೆಯಿಂದ ಇಂಥ ಗಂಟೆವರೆಗೆ ಅಂತ ಮಾಡಿದ್ದು. ಪಕ್ಕದ ಥಿಯೇಟರ್ ಕೀಲಿ ಇಲ್ಲಿಗೆ ಆಗಲ್ಲ. ನಿರ್ಮಾಪಕರ ಕಡೆ ಲೆಕ್ಕಾಚಾರ ತಡವಾದ್ರೆ, ಥಿಯೇಟರ್‌ನವರು ಸರ್ವರ್ ಬದಲಾಯಿಸಿ ಹೊಸ ವಿವರ ಕಳಿಸೋದು ಮರೆತಿದ್ರೆ, ಆರು ಗಂಟೆ ಶೋ ಏಳಕ್ಕೆ ಶುರುವಾಗುತ್ತೆ. ಆಪರೇಟರ್ ಮೇಲೆ ಕೂಗಾಡಬೇಡಿ, ಅವರ ಕೈಯಲ್ಲಿ ಏನೂ ಇರಲ್ಲ. ಹೊತ್ತಿಗೆ ಸರಿಯಾಗಿ ಆಫೀಸ್ ಸೇರಬೇಕಾದವರು ಆ ಶೋ ಬುಕ್ ಮಾಡಬೇಡಿ, ಅಷ್ಟೇ.

ರಾಜಾಜಿನಗರ ಪ್ರೇಕ್ಷಕಿ

ಎಲ್ಲರಿಗೂ ತುಂಬಾ ಧನ್ಯವಾದ. ಸೀಟಿನ ಸಾಲು, ಐಮ್ಯಾಕ್ಸ್ ಎರಡೂ ಉಳಿದವು. ಆ್ಯಪ್‌ನಲ್ಲಿ ಹಿಂದಿನ ಸಾಲಿಗೇ ಬೆಲೆ ಹೆಚ್ಚು, ಹಾಗಾದರೆ ಅದೇ ಒಳ್ಳೆಯದಾ?

ಕ್ಯಾಬಿನ್ ಕಿಟಕಿ

ಇಲ್ಲ. ಬೆಲೆ ಇಡುವುದು ಜನ ಕೇಳುವುದನ್ನು ನೋಡಿ, ಕಣ್ಣಿನ ಲೆಕ್ಕ ನೋಡಿ ಅಲ್ಲ. ಪರದೆಯ ಅಗಲ ನಿಮ್ಮ ಕಣ್ಣಿಗೆ ಎಷ್ಟು ಡಿಗ್ರಿ ಕೋನದಲ್ಲಿ ಕಾಣುತ್ತದೆ ಎನ್ನುವುದೇ ಅಳತೆ. ಕನಿಷ್ಠ 30, ಹಿತವಾಗಿ 36ರಿಂದ 45. ಪರದೆಯ ಅಗಲವನ್ನು 1.54ರಿಂದ ಗುಣಿಸಿದರೆ 36 ಡಿಗ್ರಿ ಸಿಗುವ ದೂರ, 1.21ರಿಂದ ಗುಣಿಸಿದರೆ 45 ಡಿಗ್ರಿ. 14 ಮೀಟರ್ ಅಗಲದ ಪರದೆಗೆ 17 ಮೀಟರಿನಿಂದ ಇಪ್ಪತ್ತೊಂದೂವರೆ ಮೀಟರಿನ ನಡುವೆ ಕೂರಬೇಕು ಎಂದಾಯಿತು. ಮೊದಲ ಸಾಲು ಪರದೆಯಿಂದ 6 ಮೀಟರ್ ದೂರವಿದ್ದು ಸಾಲಿನಿಂದ ಸಾಲಿಗೆ 1.1 ಮೀಟರ್ ಇದ್ದರೆ ಅದು 11ರಿಂದ 15ನೇ ಸಾಲು. ಹೆಚ್ಚಿನ ಹಾಲ್‌ಗಳಲ್ಲಿ ಮುಂದಿನಿಂದ ಮೂರನೇ ಎರಡು ಭಾಗ ದಾಟಿದ ಜಾಗ ಇದಕ್ಕೆ ಹೊಂದುತ್ತದೆ.

ಅಳತೆ ಪಟ್ಟಿ ಬೇಡವೆಂದರೆ ಕೈ ಸಾಕು. ತೋಳನ್ನು ಪೂರ್ತಿ ಚಾಚಿ ಗೇಣು ಬಿಚ್ಚಿದರೆ ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಸುಮಾರು 20 ಡಿಗ್ರಿ. ಪರದೆ ಎರಡು ಗೇಣು ಅಗಲ ಕಂಡರೆ 40 ಡಿಗ್ರಿ, ಅತ್ಯುತ್ತಮ ಜಾಗ. ಒಂದೂವರೆ ಗೇಣಿಗಿಂತ ಕಡಿಮೆ ಇದ್ದರೆ ಟಿ.ವಿ. ನೋಡಿದಂತೆ. ಮೂರು ಗೇಣು ಆದರೆ ಕತ್ತು ತಿರುಗಿಸುವ ಕೆಲಸ. ಜಾಹೀರಾತು ನಡೆಯುವಾಗ ಅಳೆದು ಸಾಲಿನ ಅಕ್ಷರವನ್ನು ಆ ಸ್ಕ್ರೀನ್‌ಶಾಟ್ ಮೇಲೆ ಬರೆದಿಟ್ಟುಕೊಳ್ಳಿ.

ಆ್ಯಪ್‌ನ ನಕ್ಷೆ ಅಳತೆಗೆ ಬರೆದದ್ದಲ್ಲ. ಮೊದಲ ಸಾಲು ಪರದೆಗೆ ಎಷ್ಟು ದೂರ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಕೆಲವು ಕಡೆ ‘ಎ’ ಸಾಲು ಪರದೆಯ ಬಳಿ, ಕೆಲವು ಕಡೆ ಕಟ್ಟಕಡೆಗೆ, ಆದ್ದರಿಂದ ಪರದೆಯ ಗುರುತು ನಕ್ಷೆಯ ಯಾವ ತುದಿಯಲ್ಲಿದೆ ಎಂದು ಮೊದಲು ನೋಡಿ. ರಿಕ್ಲೈನರ್ ಸಾಲುಗಳು ಹೆಚ್ಚು ಜಾಗ ತಿನ್ನುವುದರಿಂದ ಅಲ್ಲಿ ಎರಡು ಸಾಲು ಹಿಂದೆ ಹೋದರೆ ಮಾಮೂಲಿ ಸೀಟಿನ ಮೂರು ಸಾಲು ಹಿಂದೆ ಹೋದಷ್ಟು ದೂರ.

ಇನ್ನು ಐಮ್ಯಾಕ್ಸ್. ಕೋರಮಂಗಲದ ನೆಕ್ಸಸ್ ಮಾಲ್, ವೈಟ್‌ಫೀಲ್ಡ್ ರಸ್ತೆಯ ವಿಆರ್, ಬನ್ನೇರುಘಟ್ಟ ರಸ್ತೆಯ ವೇಗಾ ಸಿಟಿ, ಇಲ್ಲೆಲ್ಲ ಇರುವುದು 1.90:1 ಆಕಾರದ, ಅಂದರೆ ಅಗಲ ಎತ್ತರದ 1.90 ಪಟ್ಟು ಇರುವ ಪರದೆ. ವಿದೇಶದ ಸುದ್ದಿಗಳಲ್ಲಿ ಓದುವ 70 ಎಂ.ಎಂ. ಫಿಲ್ಮಿನ ಎತ್ತರದ 1.43:1 ಪರದೆ ಇದಲ್ಲ. ನಮ್ಮ ಕನ್ನಡ, ತೆಲುಗು, ತಮಿಳು ದೊಡ್ಡ ಚಿತ್ರಗಳಲ್ಲಿ ಹೆಚ್ಚಿನವು ಸ್ಕೋಪ್, ಅಂದರೆ 2.39:1. ಸ್ಕೋಪ್ ಚಿತ್ರವನ್ನು 1.90 ಪರದೆಗೆ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಪರದೆಯ ಎತ್ತರದಲ್ಲಿ ಐದನೇ ಒಂದು ಭಾಗ ಖಾಲಿ ಉಳಿಯುತ್ತದೆ. ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ಅಥವಾ ಐಮ್ಯಾಕ್ಸ್‌ಗೆಂದೇ ಎತ್ತರದ ಚೌಕಟ್ಟು ಕೊಟ್ಟ ಸಿನಿಮಾ ಆದರೆ ಮಾತ್ರ ಹೆಚ್ಚಿನ ದುಡ್ಡಿಗೆ ಹೆಚ್ಚಿನ ಚಿತ್ರ ಸಿಗುತ್ತದೆ. ಪ್ರಚಾರದಲ್ಲಿ ‘ಐಮ್ಯಾಕ್ಸ್‌ನಲ್ಲಿ ವಿಸ್ತರಿಸಿದ ಚೌಕಟ್ಟು’ ಎಂಬ ಮಾತು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅಗಲವಾದ ಸ್ಕೋಪ್ ಪರದೆ ಇರುವ ಒಳ್ಳೆಯ ಅಟ್ಮಾಸ್ ಹಾಲ್ ಮೇಲು. ಐಮ್ಯಾಕ್ಸ್‌ನಲ್ಲಿ ಒಂದು ಗೇಣು ಹೆಚ್ಚೇ ಇರಲಿ ಎಂದು ಪರದೆಗೆ ಹತ್ತಿರ ಸಾಲುಗಳನ್ನು ಕಟ್ಟಿರುತ್ತಾರೆ, ಅಲ್ಲಿ ಹಿಂದಿನ ಮೂರನೇ ಒಂದು ಭಾಗದಲ್ಲಿ ಕೂರಿ.

ಪರದೆಯ ಆಕಾರ ಎಲ್ಲ ಕಡೆಯೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕ ಮಲ್ಟಿಪ್ಲೆಕ್ಸ್ ಹಾಲ್‌ಗಳಲ್ಲಿ ಹೆಚ್ಚಾಗಿ ಫ್ಲ್ಯಾಟ್, ಅಂದರೆ 1.85:1 ಪರದೆ. ಹಿಂದೆ ಪಕ್ಕದ ಕಪ್ಪು ಪರದೆಗಳು ಸರಿದು ಚಿತ್ರದ ಆಕಾರಕ್ಕೆ ಹೊಂದಿಕೊಳ್ಳುತ್ತಿದ್ದವು. ಹೊಸ ಕಟ್ಟಡಗಳಲ್ಲಿ ಅದನ್ನು ಕೈಬಿಟ್ಟಿದ್ದಾರೆ, ಇದು ನನಗೆ ಒಪ್ಪಿಗೆಯಿಲ್ಲದ ಉಳಿತಾಯ. ಚಿತ್ರದ ಅಂಚಿನಲ್ಲಿ ಬೂದು ಪಟ್ಟಿ ಹೊಳೆಯುತ್ತಿದ್ದರೆ ಕಪ್ಪು ಎಂದೂ ಕಪ್ಪಾಗಿ ಕಾಣುವುದಿಲ್ಲ.

ಮ್ಯಾಟ್ನಿ ಶೋ

ದುಡ್ಡಿನ ಮಾತು ಯಾರೂ ಆಡಲಿಲ್ಲ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್ 12ರಂದು ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ತಂದಿತ್ತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ಹಾಲ್‌ಗಳಿಗೆ ಮಾತ್ರ ವಿನಾಯಿತಿ ಇತ್ತು. ಅದೇ ತಿಂಗಳು 23ಕ್ಕೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. 2017ರಲ್ಲೂ ಇದೇ ಇನ್ನೂರರ ಮಿತಿ ಬಂದು ಕೋರ್ಟಿನ ಮೆಟ್ಟಿಲೇರಿತ್ತು. ಹಾಗಾಗಿ 200 ಎಂಬ ಸುದ್ದಿ ನಂಬಿಕೊಂಡು ಹೋಗಬೇಡಿ, ಆ್ಯಪ್ ತೋರಿಸುವ ಅಂತಿಮ ಮೊತ್ತವನ್ನೇ ನೋಡಿ.

ತೆರಿಗೆಯ ಗೆರೆ ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಶೇ. 5 ಜಿಎಸ್‌ಟಿ, ಅದಕ್ಕಿಂತ ಮೇಲಿನದಕ್ಕೆ ಶೇ. 18. 100ರ ಟಿಕೆಟ್ 105 ಆಗುತ್ತದೆ, 110ರದ್ದು ಸುಮಾರು 130. ಅದರ ಮೇಲೆ ಆ್ಯಪ್‌ನ ಬುಕಿಂಗ್ ಶುಲ್ಕ, ಆ ಶುಲ್ಕಕ್ಕೂ ಶೇ. 18. ನಾಲ್ಕು ಟಿಕೆಟ್ ತೆಗೆದರೆ ಶುಲ್ಕವೂ ನಾಲ್ಕು ಪಟ್ಟು. ವಾರದ ದಿನದ ಮ್ಯಾಟ್ನಿಗೆ ಕೌಂಟರಿನಲ್ಲೇ ತೆಗೆದುಕೊಂಡರೆ ಅದು ಪೂರ್ತಿ ಉಳಿತಾಯ, ಸೀಟೂ ಸಿಗುತ್ತದೆ. ಒಂದೇ ಸಿನಿಮಾ ಒಂದೇ ಸ್ಕ್ರೀನಿನಲ್ಲಿ ಶುಕ್ರವಾರ ಸಂಜೆ ಮತ್ತು ಸೋಮವಾರ ಬೆಳಗ್ಗೆ ನಡುವೆ ಅರ್ಧಕ್ಕರ್ಧ ವ್ಯತ್ಯಾಸ ಇರುವುದುಂಟು.

ತಿಂಡಿ ಒಳಗೆ ಬಿಡದಿರುವ ಹಕ್ಕು ಥಿಯೇಟರ್‌ಗೆ ಇದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಅದೇ ಆದೇಶದಲ್ಲಿ ಶುದ್ಧ ಕುಡಿಯುವ ನೀರು ಉಚಿತವಾಗಿ ಕೊಡಲೇಬೇಕು, ಹಸುಗೂಸಿನ ಆಹಾರ ತಡೆಯುವಂತಿಲ್ಲ ಎಂದೂ ಇದೆ. ನೀರಿನ ಬಾಟಲಿಯೇ ಕೊಳ್ಳಬೇಕು ಎಂದರೆ ಉಚಿತ ನೀರು ಎಲ್ಲಿದೆ ಎಂದು ಗಟ್ಟಿಯಾಗಿ ಕೇಳಿ.

ಜಾಹೀರಾತಿನ ಕಾಲಹರಣದ ಮೇಲೆ ಬೆಂಗಳೂರಿನ ಗ್ರಾಹಕ ಆಯೋಗ 2025ರ ಫೆಬ್ರವರಿಯಲ್ಲಿ ಪ್ರೇಕ್ಷಕನ ಪರ ತೀರ್ಪು ಕೊಟ್ಟು, ಟಿಕೆಟ್ ಮೇಲೆ ಸಿನಿಮಾ ಶುರುವಾಗುವ ನಿಜ ಸಮಯ ಹಾಕಿ ಎಂದಿತ್ತು. ಮಾರ್ಚ್‌ನಲ್ಲಿ ಹೈಕೋರ್ಟ್ ಅದಕ್ಕೂ ತಡೆ ಕೊಟ್ಟಿತು. ಆದ್ದರಿಂದ ಲೆಕ್ಕ ನೀವೇ ಹಾಕಿ: ಮಾಲ್‌ನಲ್ಲಿ ಬರೆದ ಸಮಯಕ್ಕೆ 15ರಿಂದ 25 ನಿಮಿಷ, ಅದಕ್ಕೆ ಸಿನಿಮಾದ ಉದ್ದ, ಇಂಟರ್ವಲ್ 15 ನಿಮಿಷ. ಮೂರು ಗಂಟೆಯ ಸಿನಿಮಾಕ್ಕೆ ಏಳೂವರೆ ಶೋ ಹಿಡಿದರೆ ಹೊರಗೆ ಬರುವಾಗ ಹನ್ನೊಂದು ದಾಟುತ್ತದೆ, ಮೆಟ್ರೋ ಕೊನೆಯ ಗಾಡಿ ನಂಬುವಂತಿಲ್ಲ. ಆರು ಗಂಟೆಯ ಶೋ ಹಿಡಿಯಿರಿ. ರಾಜಾಜಿನಗರದಿಂದ ಓರಾಯನ್ ಮಾಲ್‌ಗೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ, ಮಂತ್ರಿ ಸ್ಕ್ವೇರ್‌ಗೆ ಸಂಪಿಗೆ ರಸ್ತೆ ನಿಲ್ದಾಣ, ಕೆ.ಜಿ. ರಸ್ತೆಗೆ ಮೆಜೆಸ್ಟಿಕ್, ಮೂರೂ ಹಸಿರು ಮಾರ್ಗದಲ್ಲೇ ಇವೆ. ವೈಟ್‌ಫೀಲ್ಡ್ ಕಡೆಯ ವಿಆರ್‌ಗೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಸಿಂಗಯ್ಯನಪಾಳ್ಯದಲ್ಲಿ ಇಳಿಯಿರಿ.

ಸಬ್‌ವೂಫರ್

ಅಮ್ಮನ ಮಂಡಿನೋವಿನ ಬಗ್ಗೆ ಹೇಳೋದು ಬಿಟ್ಟುಹೋಗಿತ್ತು. ಹಳೇ ಥಿಯೇಟರ್‌ಗಳ ಬಾಲ್ಕನಿ ಅಂದ್ರೆ ಲಿಫ್ಟ್ ಇಲ್ಲದೆ ಎರಡು ಸುತ್ತು ಮೆಟ್ಟಿಲು, ಒಳಗೆ ಕತ್ತಲಲ್ಲಿ ಕಡಿದಾದ ಹಂತಗಳು ಬೇರೆ. ಅವರ ಜೊತೆ ಹೋಗೋದಾದ್ರೆ ಅಲ್ಲಿ ರಿಯರ್ ಸ್ಟಾಲ್ ತಗೊಳ್ಳಿ, ಛಾವಣಿಯ ಸದ್ದು ಹೋದರೆ ಹೋಗಲಿ. ಬಾಲ್ಕನಿ ಕೆಳಗೆ ತೀರಾ ಒಳಗೆ ಬೇಡ, ಅಂಚಿಗೆ ಹತ್ತಿರದ ಸಾಲು ಸಾಕು.

ಮಾಲ್‌ನಲ್ಲಿ ಲಿಫ್ಟ್ ಇದ್ದರೂ ಹಾಲ್ ಒಳಗೆ ಮೆಟ್ಟಿಲು ಇದ್ದೇ ಇರುತ್ತೆ. ಪ್ರವೇಶ ದ್ವಾರ ಎಲ್ಲಿ ತೆರೆಯುತ್ತೆ ಅನ್ನೋದು ಮುಖ್ಯ. ಕೆಲವು ಸ್ಕ್ರೀನಿಗೆ ಪರದೆಯ ಪಕ್ಕದಿಂದ ಒಳಗೆ ಬಿಡ್ತಾರೆ, ಹಿಂದಿನ ಸಾಲಿಗೆ ಇಪ್ಪತ್ತು ಇಪ್ಪತ್ತೈದು ಹಂತ ಹತ್ತಬೇಕು. ಕೆಲವಕ್ಕೆ ನಡುವಿನಲ್ಲಿ ಬಾಗಿಲು. ಸೀಟಿನ ನಕ್ಷೆಯಲ್ಲಿ ಮಧ್ಯದ ಸಾಲುಗಳ ನಡುವೆ ಅಡ್ಡಕ್ಕೆ ಖಾಲಿ ಪಟ್ಟಿ ಕಂಡರೆ ಸಾಮಾನ್ಯವಾಗಿ ಬಾಗಿಲು ಅಲ್ಲೇ ಇರುತ್ತೆ. ಅದರ ಹಿಂದಿನ ಸಾಲು ಹಿಡಿದರೆ ಒಂದೆರಡು ಹಂತ ಸಾಕು, ಕಾಲು ಚಾಚೋಕೂ ಜಾಗ. ಖಚಿತ ಬೇಕಂದ್ರೆ ಬುಕ್ ಮಾಡೋ ಮೊದಲು ಕೌಂಟರಿಗೆ ಫೋನ್ ಮಾಡಿ ‘ಈ ಸ್ಕ್ರೀನಿಗೆ ಎಷ್ಟನೇ ಸಾಲಿನ ಹತ್ತಿರ ಬಾಗಿಲು’ ಅಂತ ಕೇಳಿ. ಇಂಟರ್ವಲ್‌ಗೆ ಎರಡು ನಿಮಿಷ ಮೊದಲೇ ಎದ್ದರೆ ಶೌಚಾಲಯದ ಸಾಲೂ ತಪ್ಪುತ್ತೆ, ಜನರ ನೂಕುನುಗ್ಗಲಲ್ಲಿ ಅವರು ಮೆಟ್ಟಿಲು ಇಳಿಯೋದೂ ತಪ್ಪುತ್ತೆ.